ಪಾಲ್ ಲ್ಯಾಂಗರ್‌ಹ್ಯಾನ್ಸ್

ಪರ್ವತಗಳಿಗೂ ನದಿಗಳಿಗೂ ಅವುಗಳನ್ನು ಶೋಧಿಸಿದವರ ಹೆಸರನ್ನು ಇಡುವ ವಾಡಿಕೆಯುಂಟು. ಮಾನವನ ಶರೀರದೊಳಗೂ ಅಂತಹ ಹೆಸರುಗಳು ಹಲವಿವೆ. ಹಿಂದಿನ ಕಾಲದ ವೈದ್ಯವಿಜ್ಞಾನಿಗಳು ತಾವು ಮೊದಲು ಕಂಡ ನಾಳಗಳಲ್ಲಿಯೂ ಗ್ರಂಥಿಗಳಲ್ಲಿಯೂ ಜೀವಕೋಶಗಳಲ್ಲಿಯೂ ತಮ್ಮ ಹೆಸರನ್ನು ಬಿಟ್ಟುಹೋಗಿದ್ದಾರೆ. ಹೀಗೆ ಒಂದೆಡೆ ಹೆಸರು ನಿಂತರೂ ಅದು ದೊಡ್ಡ ಗೌರವವೇ ಸರಿ. ಆದರೆ ಹೊರಗಿನ ಚರ್ಮದಲ್ಲಿಯೂ ಹೊಟ್ಟೆಯೊಳಗೆ ಅಡಗಿರುವ ಮೇದೋಜೀರಕ ಗ್ರಂಥಿಯಲ್ಲಿಯೂ, ಒಂದಕ್ಕೊಂದು ಸಂಬಂಧವೇ ಇಲ್ಲವೆಂದು ತೋರುವ ಎರಡು ಸ್ಥಳಗಳಲ್ಲಿ, ತನ್ನ ಹೆಸರನ್ನು ಉಳಿಸಿಹೋದವನು ಜರ್ಮನಿಯ ಪಾಲ್ ಲ್ಯಾಂಗರ್‌ಹ್ಯಾನ್ಸ್. ಆ ಎರಡು ಶೋಧಗಳನ್ನು ಮಾಡಿದಾಗ ಅವನು ಇನ್ನೂ ವಿದ್ಯಾರ್ಥಿ. ಅವನಿಗೆ ಇಪ್ಪತ್ತೆರಡು ವರ್ಷ ತುಂಬಿರಲಿಲ್ಲ. ತಾನು ಕಂಡದ್ದರ ನಿಜವಾದ ಅರ್ಥವೇನೆಂಬುದು ಮಾತ್ರ ಅವನಿಗೆ ಕೊನೆಯವರೆಗೂ ತಿಳಿಯಲಿಲ್ಲ.

ಲ್ಯಾಂಗರ್‌ಹ್ಯಾನ್ಸ್ 1847ರ ಜುಲೈ 25ರಂದು ಬರ್ಲಿನ್ ನಗರದಲ್ಲಿ ಜನಿಸಿದನು. ತಂದೆ ವೈದ್ಯ. ಮನೆಯಲ್ಲಿ ವಿದ್ಯೆಗೆ ಕೊರತೆಯಿರಲಿಲ್ಲ. ನಗರದ ಪ್ರಸಿದ್ಧ ಶಾಲೆಯೊಂದರಲ್ಲಿ ವ್ಯಾಸಂಗವನ್ನು ಮುಗಿಸಿದ ಬಾಲಕನು ವೈದ್ಯಶಾಸ್ತ್ರವನ್ನು ಕಲಿಯುವ ಸಲುವಾಗಿ ಯೇನಾ ವಿಶ್ವವಿದ್ಯಾನಿಲಯವನ್ನು ಸೇರಿದನು. ಅಲ್ಲಿ ಪ್ರಾಣಿಶಾಸ್ತ್ರವನ್ನು ಬೋಧಿಸುತ್ತಿದ್ದವನು ಅರ್ನ್ಸ್ಟ್ ಹೆಕೆಲ್. ಕಡಲಿನ ಸಣ್ಣ ಜೀವಿಗಳನ್ನು ನೋಡಿ, ಬರೆದು, ವರ್ಗೀಕರಿಸುವುದರಲ್ಲಿ ಹೆಕೆಲ್ ನಿಪುಣ. ಕೆಳಮಟ್ಟದ ಪ್ರಾಣಿಗಳ ಮೇಲಿನ ಆಸಕ್ತಿಯು ಲ್ಯಾಂಗರ್‌ಹ್ಯಾನ್ಸನಲ್ಲಿ ಮೊಳೆತದ್ದು ಈ ಗುರುವಿನ ಬಳಿಯಲ್ಲಿಯೇ. ಮುಂದೆ ಬದುಕು ಎಲ್ಲ ಬಾಗಿಲುಗಳನ್ನೂ ಮುಚ್ಚಿದಾಗ ಅವನಿಗೆ ಆಸರೆಯಾದದ್ದು ಈ ಆಸಕ್ತಿಯೇ.

ಯೇನಾದಿಂದ ಅವನು ಬರ್ಲಿನ್ನಿಗೆ ಹಿಂದಿರುಗಿದನು. ಆ ಕಾಲದಲ್ಲಿ ಬರ್ಲಿನ್ ವೈದ್ಯವಿಜ್ಞಾನದ ದೊಡ್ಡ ಕೇಂದ್ರಗಳಲ್ಲಿ ಒಂದಾಗಿತ್ತು. ಅಲ್ಲಿನ ವಿದ್ವಾಂಸರ ನಡುವೆ ರುಡಾಲ್ಫ್ ವಿರ್ಚೋ ಮೇರುವಿನಂತೆ ಇದ್ದನು. ರೋಗವೆಂಬುದು ಇಡೀ ದೇಹಕ್ಕೆ ಬರುವ ಯಾವುದೋ ದೋಷವಲ್ಲ, ಅದು ಜೀವಕೋಶಗಳಲ್ಲಿ ಉಂಟಾಗುವ ಬದಲಾವಣೆ ಎಂದು ಅವನು ಸಾರಿದನು. ಪ್ರತಿಯೊಂದು ಜೀವಕೋಶವೂ ಇನ್ನೊಂದು ಜೀವಕೋಶದಿಂದಲೇ ಹುಟ್ಟುವುದೆಂಬ ತತ್ತ್ವವನ್ನು ಎತ್ತಿಹಿಡಿದವನೂ ಅವನೇ. ಕ್ಯಾನ್ಸರ್ ಗಂತಿಗಳ ಒಳಗೆ ಬಿಳಿ ರಕ್ತಕಣಗಳು ಸೇರಿಕೊಂಡಿರುವುದನ್ನು ವಿರ್ಚೋ 1863ರಲ್ಲಿಯೇ ಗಮನಿಸಿದ್ದನು. ಆ ಕಣಗಳಿಗೆ ಅಲ್ಲಿ ಏನು ಕೆಲಸವೆಂಬುದು ಆಗ ಯಾರಿಗೂ ಗೊತ್ತಿರಲಿಲ್ಲ. ಇಂತಹ ಗುರುವಿನ ಪ್ರಯೋಗಶಾಲೆಯಲ್ಲಿ ಲ್ಯಾಂಗರ್‌ಹ್ಯಾನ್ಸನಿಗೆ ಸ್ಥಳ ದೊರೆಯಿತು. ವಿರ್ಚೋ ಮತ್ತು ಶಿಷ್ಯನ ನಡುವೆ ಬೆಳೆದ ಸ್ನೇಹ ಕೊನೆಯವರೆಗೂ ಉಳಿಯಿತು.

ಜೀವಕೋಶಗಳು ಬಣ್ಣವಿಲ್ಲದವು. ಸೂಕ್ಷ್ಮದರ್ಶಕದ ಕೆಳಗೆ ಅವು ಒಂದರೊಡನೊಂದು ಬೆರೆತು ಮಂಜಿನಂತೆ ತೋರುತ್ತವೆ. ಅವುಗಳನ್ನು ಬೇರೆ ಬೇರೆಯಾಗಿ ಕಾಣಬೇಕಾದರೆ ತಕ್ಕ ಬಣ್ಣವನ್ನು ಹಿಡಿಸಬೇಕು. ಅದೇ ಪ್ರಯೋಗಶಾಲೆಯಲ್ಲಿದ್ದ ಯೂಲಿಯಸ್ ಕೋನ್‌ಹೈಮ್ ಎಂಬ ವಿಜ್ಞಾನಿಯು ಚಿನ್ನದ ಕ್ಲೋರೈಡ್ ದ್ರಾವಣದಲ್ಲಿ ಅಂಗಾಂಶವನ್ನು ನೆನೆಸಿದರೆ ನರದ ಎಳೆಗಳು ಕಪ್ಪಾಗಿ ಎದ್ದುಕಾಣುತ್ತವೆ ಎಂಬುದನ್ನು ತೋರಿಸಿಕೊಟ್ಟಿದ್ದನು. ಈ ವೇಳೆಗೆ ಬರ್ಲಿನ್ ವಿಶ್ವವಿದ್ಯಾನಿಲಯವು ಒಂದು ಪ್ರಬಂಧ ಸ್ಪರ್ಧೆಯನ್ನು ಏರ್ಪಡಿಸಿತು. ಅದಕ್ಕಾಗಿ ಲ್ಯಾಂಗರ್‌ಹ್ಯಾನ್ಸ್ ಮಾನವ ಚರ್ಮದ ನರಗಳನ್ನು ಈ ವಿಧಾನದಿಂದ ಪರೀಕ್ಷಿಸಲು ಕೈಹಾಕಿದನು.

ಚರ್ಮದ ಮೇಲ್ಪದರದಲ್ಲಿ ಅವನಿಗೆ ವಿಚಿತ್ರವಾದ ಕೋಶಗಳು ಕಂಡುಬಂದವು. ಸುತ್ತಲಿನ ಚರ್ಮಕೋಶಗಳು ಹಾಸಿದ ಕಲ್ಲುಗಳಂತೆ ಒತ್ತಾಗಿ ಕುಳಿತಿದ್ದರೆ, ಇವು ಅಲ್ಲೊಂದು ಇಲ್ಲೊಂದರಂತೆ ನಿಂತು, ಮರದ ಕೊಂಬೆಗಳಂತೆ ನಾಲ್ಕು ಕಡೆಗೂ ಕವಲುಗಳನ್ನು ಚಾಚಿದ್ದವು. ಚಿನ್ನದ ಬಣ್ಣವನ್ನು ನರಗಳಂತೆಯೇ ಹೀರಿಕೊಂಡಿದ್ದವು. ಇದರಿಂದ ಅವು ನರಮಂಡಲಕ್ಕೆ ಸೇರಿದ ಕೋಶಗಳು, ಹೊರಗಿನ ಸ್ಪರ್ಶವನ್ನು ಗ್ರಹಿಸುವ ತುದಿಗಳು ಇರಬೇಕೆಂದು ತರುಣನು ಊಹಿಸಿದನು. 1868ರಲ್ಲಿ ಆ ಲೇಖನವು ವಿರ್ಚೋ ಸಂಪಾದಿಸುತ್ತಿದ್ದ ಪತ್ರಿಕೆಯಲ್ಲಿ ಪ್ರಕಟವಾಯಿತು. ಅವನ ಊಹೆ ತಪ್ಪಾಗಿತ್ತು. ಆದರೆ ಅವನು ಬರೆದ ವಿವರಣೆಯೂ ಚಿತ್ರವೂ ಕರಾರುವಾಕ್ಕಾಗಿದ್ದವು. ಊಹೆಯನ್ನು ಮುಂದಿನವರು ತಿದ್ದಿದರು. ವಿವರಣೆ ಉಳಿಯಿತು.

ಮರುವರ್ಷವೇ ಅವನು ಪದವಿಯ ಪ್ರಬಂಧಕ್ಕಾಗಿ ಮೇದೋಜೀರಕ ಗ್ರಂಥಿಯನ್ನು ಆರಿಸಿಕೊಂಡನು. ಈ ಗ್ರಂಥಿಯು ಜಠರದ ಹಿಂಭಾಗದಲ್ಲಿ, ಬೆನ್ನೆಲುಬಿಗೆ ಸಮೀಪದಲ್ಲಿ ಅಡ್ಡಲಾಗಿ ಮಲಗಿರುತ್ತದೆ. ಅದು ಸ್ರವಿಸುವ ಜೀರ್ಣರಸವು ನಾಳದ ಮೂಲಕ ಸಣ್ಣ ಕರುಳನ್ನು ಸೇರಿ ಆಹಾರವನ್ನು ಅರಗಿಸುತ್ತದೆ. ಇಷ್ಟು ಸಂಗತಿ ಆಗಲೇ ತಿಳಿದಿತ್ತು. ಆದರೆ ಗ್ರಂಥಿಯ ಒಳರಚನೆಯನ್ನು ಬಲ್ಲವರು ವಿರಳ. ಅದು ಬಹು ಮೃದುವಾದ ಅಂಗ; ದೇಹದಿಂದ ಹೊರತೆಗೆದ ಸ್ವಲ್ಪ ಹೊತ್ತಿನಲ್ಲಿಯೇ ತನ್ನ ರಸದಿಂದ ತಾನೇ ಜೀರ್ಣಗೊಳ್ಳತೊಡಗುತ್ತದೆ. ಲ್ಯಾಂಗರ್‌ಹ್ಯಾನ್ಸ್ ಮೊಲಗಳ ಗ್ರಂಥಿಯನ್ನು ತೆಗೆದುಕೊಂಡು, ಅದು ಕೆಡದಂತೆ ದ್ರಾವಣಗಳಲ್ಲಿ ಕಾಪಾಡಿ, ನಾಳಗಳೊಳಕ್ಕೆ ನೀಲಿ ಬಣ್ಣವನ್ನು ತುಂಬಿ, ಅವುಗಳ ಅತಿ ಸಣ್ಣ ಕವಲುಗಳವರೆಗೂ ದಾರಿಯನ್ನು ಗುರುತಿಸಿದನು.

1869ರ ಫೆಬ್ರವರಿ ತಿಂಗಳಲ್ಲಿ ಅವನು ಈ ಪ್ರಬಂಧವನ್ನು ವಿದ್ವಾಂಸರ ಮುಂದೆ ಮಂಡಿಸಿದನು. ಪ್ರಬಂಧ ಗಾತ್ರದಲ್ಲಿ ಚಿಕ್ಕದು. ಅದರಲ್ಲಿ ಅವನು ಗ್ರಂಥಿಯಲ್ಲಿ ಒಂಬತ್ತು ಬಗೆಯ ಕೋಶಗಳನ್ನು ವಿಂಗಡಿಸಿದ್ದನು. ರಸವನ್ನು ಉತ್ಪಾದಿಸುವ ಕೋಶಗಳು, ನಾಳಗಳ ಗೋಡೆಯ ಕೋಶಗಳು, ಇವೆರಡರ ನಡುವೆ ರಸದ ಗೊಂಚಲುಗಳ ಮಧ್ಯದಲ್ಲಿ ಕುಳಿತ ಕೋಶಗಳು ಮುಂತಾದವನ್ನು ವಿವರಿಸಿದ ಬಳಿಕ, ಇವಾವುದಕ್ಕೂ ಸೇರದ ಇನ್ನೊಂದು ಬಗೆಯನ್ನು ಅವನು ಹೇಳಿದನು. ಈ ಕೋಶಗಳು ಸಣ್ಣವು, ತಿಳಿಯಾದವು, ಅನೇಕ ಕೋನಗಳುಳ್ಳವು. ಅವು ಗ್ರಂಥಿಯಲ್ಲೆಲ್ಲ ಚದುರಿ, ಮಿಲಿಮೀಟರಿನ ಹತ್ತನೆಯ ಒಂದು ಭಾಗದಿಂದ ಸುಮಾರು ಕಾಲು ಭಾಗದಷ್ಟು ಅಗಲದ ಗುಂಪುಗಳಾಗಿ ಕೂಡಿದ್ದವು. ಅವುಗಳಿಗೂ ನಾಳಗಳಿಗೂ ಸಂಬಂಧವಿರಲಿಲ್ಲ. ರಸಕೋಶಗಳ ವಿಸ್ತಾರದಲ್ಲಿ ಅವು ಕಡಲ ನಡುವಿನ ದ್ವೀಪಗಳಂತೆ ಬೇರೆಯಾಗಿ ಕಾಣುತ್ತಿದ್ದವು.

ಈ ಗುಂಪುಗಳ ಕೆಲಸವೇನು? ಲ್ಯಾಂಗರ್‌ಹ್ಯಾನ್ಸನಿಗೆ ಅದು ತಿಳಿಯಲಿಲ್ಲ. ತಿಳಿಯಲಿಲ್ಲವೆಂದು ಹೇಳಿಕೊಳ್ಳಲು ಅವನು ಸಂಕೋಚಪಡಲಿಲ್ಲ. ಪದವಿಯನ್ನು ಪಡೆಯಲು ಬಂದ ತರುಣನಿಗೆ ಪರೀಕ್ಷಕರನ್ನು ಮೆಚ್ಚಿಸುವಂತಹ ಒಂದು ಸಿದ್ಧಾಂತವನ್ನು ಕಟ್ಟುವುದು ಕಷ್ಟವಾಗುತ್ತಿರಲಿಲ್ಲ. ಆದರೆ ಅವನು ಕಂಡದ್ದನ್ನು ಕಂಡಂತೆ ಬರೆದು, ಕಾಣದ್ದನ್ನು ಮುಂದಿನವರಿಗೆ ಬಿಟ್ಟನು. ಅದೇ ವರ್ಷ ಅವನು ಹೋಫ್‌ಮನ್ ಎಂಬ ಗೆಳೆಯನೊಡನೆ ಇನ್ನೊಂದು ಪ್ರಯೋಗವನ್ನೂ ಮಾಡಿದನು. ಇಂಗಳೀಕದ ಕೆಂಪು ಪುಡಿಯನ್ನು ಪ್ರಾಣಿಗಳ ರಕ್ತದಲ್ಲಿ ಸೇರಿಸಿ ಅದು ಎಲ್ಲಿಗೆ ಹೋಗುವುದೆಂದು ಹುಡುಕಿದಾಗ, ಕೆಂಪು ರಕ್ತಕಣಗಳು ಅದನ್ನು ಮುಟ್ಟಲಿಲ್ಲ. ಬಿಳಿ ರಕ್ತಕಣಗಳು ಮಾತ್ರ ಅದನ್ನು ತಮ್ಮೊಳಗೆ ಸೆಳೆದುಕೊಂಡಿದ್ದವು. ಹೊರಗಿನಿಂದ ಬಂದ ವಸ್ತುವನ್ನು ನುಂಗುವ ಭಕ್ಷಕ ಕೋಶಗಳ ಬಗ್ಗೆ ನಡೆದ ಮೊದಮೊದಲ ಪ್ರಯೋಗಗಳಲ್ಲಿ ಇದೂ ಒಂದು. ಹೀಗೆ ಎರಡು ವರ್ಷಗಳ ಅವಧಿಯಲ್ಲಿ ಅವನ ಕಣ್ಣಿಗೆ ಮೂರು ಸಂಗತಿಗಳು ಬಿದ್ದಿದ್ದವು: ಚರ್ಮದ ಕವಲುಕೋಶ, ಮೇದೋಜೀರಕದ ಕೋಶಗಳು, ನುಂಗುವ ರಕ್ತಕಣ. ಇವು ಮೂರೂ ಒಂದು ದಿನ ಒಂದೇ ರೋಗದ ಕಥೆಯಲ್ಲಿ ಸಂಧಿಸುವುವೆಂದು ಆಗ ಯಾರು ತಾನೆ ಊಹಿಸಬಲ್ಲವರಾಗಿದ್ದರು?

ಪದವಿಯನ್ನು ಪಡೆದ ಲ್ಯಾಂಗರ್‌ಹ್ಯಾನ್ಸ್ 1870ರಲ್ಲಿ ಕೀಪರ್ಟ್ ಎಂಬ ಭೂಗೋಳಶಾಸ್ತ್ರಜ್ಞನೊಡನೆ ಪ್ಯಾಲೆಸ್ಟೈನ್ ಮೊದಲಾದ ಪೂರ್ವದೇಶಗಳಲ್ಲಿ ಸಂಚರಿಸಿದನು. ಅಲ್ಲಿ ಕುಷ್ಠರೋಗಿಗಳನ್ನು ಕಂಡು ಆ ರೋಗದ ಲಕ್ಷಣಗಳನ್ನು ಅಭ್ಯಾಸಮಾಡಿದನು. ಅಷ್ಟರಲ್ಲಿ ಜರ್ಮನಿಗೂ ಫ್ರಾನ್ಸಿಗೂ ಯುದ್ಧ ಹೊತ್ತಿಕೊಂಡಿತು. ಅವನು ಹಿಂದಿರುಗಿ ಸೈನ್ಯದಲ್ಲಿ ವೈದ್ಯನಾಗಿ ಗಾಯಾಳುಗಳ ಸೇವೆಮಾಡಿದನು. 1871ರಲ್ಲಿ ಫ್ರೈಬುರ್ಗ್ ವಿಶ್ವವಿದ್ಯಾನಿಲಯದಲ್ಲಿ ಅವನಿಗೆ ಕೆಲಸ ದೊರೆಯಿತು. ಶವಗಳನ್ನು ಕೊಯ್ದು ಮರಣದ ಕಾರಣವನ್ನು ಪರೀಕ್ಷಿಸುವುದು, ವಿದ್ಯಾರ್ಥಿಗಳಿಗೆ ಪಾಠ ಹೇಳುವುದು ಅವನ ಕರ್ತವ್ಯ. ಕೆಲವೇ ವರ್ಷಗಳಲ್ಲಿ ಪ್ರೊಫೆಸರ್ ಸ್ಥಾನವೂ ಲಭಿಸಿತು. ಮೂವತ್ತು ತುಂಬುವ ಮೊದಲೇ ಅವನ ಹೆಸರು ಜರ್ಮನಿಯ ವಿದ್ವತ್ ವಲಯಗಳಲ್ಲಿ ಪರಿಚಿತವಾಗಿತ್ತು.

ಆದರೆ 1874ರಲ್ಲಿ ಅವನಿಗೆ ಕ್ಷಯರೋಗ ತಗುಲಿತು. ಶವಪರೀಕ್ಷೆಯ ಕೊಠಡಿಯಲ್ಲಿಯೇ ಅದು ಅಂಟಿರಬಹುದು. ಕ್ಷಯಕ್ಕೆ ಕಾರಣವಾದ ರೋಗಾಣುವನ್ನು ರಾಬರ್ಟ್ ಕಾಕ್ ಕಂಡುಹಿಡಿದದ್ದು 1882ರಲ್ಲಿ. ಅದನ್ನು ಗುಣಪಡಿಸುವ ಔಷಧಗಳು ಬಂದದ್ದು ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ. ಲ್ಯಾಂಗರ್‌ಹ್ಯಾನ್ಸನ ಕಾಲದಲ್ಲಿ ವೈದ್ಯರು ಹೇಳಬಹುದಾಗಿದ್ದುದು ಒಂದೇ: ಒಳ್ಳೆಯ ಗಾಳಿ, ವಿಶ್ರಾಂತಿ. ಅವನು ಇಟಲಿಯ ನೇಪಲ್ಸ್, ಕ್ಯಾಪ್ರಿ ಮುಂತಾದ ಕಡೆಗಳಲ್ಲಿ ಕೆಲಕಾಲ ತಂಗಿ ನೋಡಿದನು. ಗುಣ ಕಾಣಲಿಲ್ಲ. ಅಧ್ಯಾಪಕ ವೃತ್ತಿಗೆ ಮರಳುವ ಆಸೆಯನ್ನು ತೊರೆದು, 1875ರಲ್ಲಿ ಅಟ್ಲಾಂಟಿಕ್ ಸಾಗರದಲ್ಲಿರುವ ಮದೀರಾ ದ್ವೀಪಕ್ಕೆ ಹೊರಟನು. ಆಗ ಅವನ ವಯಸ್ಸು ಇಪ್ಪತ್ತೆಂಟು.

ಮದೀರಾ ಪೋರ್ಚುಗಲ್ ದೇಶಕ್ಕೆ ಸೇರಿದ ಬೆಟ್ಟಗುಡ್ಡಗಳ ದ್ವೀಪ. ಅಲ್ಲಿ ಚಳಿಗಾಲವೂ ಹಿತವಾಗಿರುವುದರಿಂದ ಯೂರೋಪಿನ ಅನೇಕ ಕ್ಷಯರೋಗಿಗಳು ಅಲ್ಲಿಗೆ ಬರುತ್ತಿದ್ದರು. ದ್ವೀಪದ ಮುಖ್ಯ ಪಟ್ಟಣವಾದ ಫುಂಶಾಲ್‌ನಲ್ಲಿ ಲ್ಯಾಂಗರ್‌ಹ್ಯಾನ್ಸನ ಆರೋಗ್ಯ ಸ್ವಲ್ಪ ಚೇತರಿಸಿತು. ಅವನು ಸುಮ್ಮನೆ ಕುಳಿತುಕೊಳ್ಳುವ ಸ್ವಭಾವದವನಲ್ಲ. ತಾನೂ ರೋಗಿಯಾಗಿದ್ದುಕೊಂಡೇ ಅಲ್ಲಿಗೆ ಬಂದ ಕ್ಷಯರೋಗಿಗಳಿಗೆ ಚಿಕಿತ್ಸೆ ಮಾಡತೊಡಗಿದನು. ಪ್ರಯೋಗಶಾಲೆ ದೂರವಾಗಿದ್ದರೂ ಸೂಕ್ಷ್ಮದರ್ಶಕ ಕೈಯಲ್ಲಿತ್ತು, ಎದುರಿಗೆ ಕಡಲಿತ್ತು. ಹೆಕೆಲ್ ಕಲಿಸಿದ ವಿದ್ಯೆ ಈಗ ನೆರವಿಗೆ ಬಂದಿತು. ಸಮುದ್ರದ ಹುಳುಗಳನ್ನು ಸಂಗ್ರಹಿಸಿ, ಅಂದಿನವರೆಗೆ ಯಾರೂ ವರ್ಣಿಸದಿದ್ದ ಹಲವು ಜಾತಿಗಳನ್ನು ವಿವರಿಸಿ ಲೇಖನಮಾಲೆಯನ್ನು ಬರೆದನು. ಒಂದು ಹುಳುವಿನ ಕುಲಕ್ಕೆ ತನ್ನ ಗುರುವಿನ ನೆನಪಿಗಾಗಿ ವಿರ್ಚೋವಿಯಾ ಎಂದು ಹೆಸರಿಟ್ಟನು. ದ್ವೀಪದ ಹವೆ, ಸಸ್ಯ, ದಾರಿ ಮುಂತಾದವನ್ನು ತಿಳಿಸುವ ಕೈಪಿಡಿಯೊಂದನ್ನು 1885ರಲ್ಲಿ ಹೊರತಂದನು.

ಅದೇ 1885ರಲ್ಲಿ ಅವನು ಮಾರ್ಗರೆಟೆ ಎಂಬಾಕೆಯನ್ನು ವಿವಾಹವಾದನು. ಆಕೆ ಅವನಲ್ಲಿ ಚಿಕಿತ್ಸೆ ಪಡೆದು ತೀರಿಕೊಂಡ ರೋಗಿಯೊಬ್ಬನ ಪತ್ನಿ. ದಂಪತಿಗಳ ಸುಖ ಬಹುಕಾಲ ಉಳಿಯಲಿಲ್ಲ. ಎರಡು ವರ್ಷಗಳ ಬಳಿಕ ಅವನ ಮೂತ್ರಪಿಂಡಗಳು ಕೆಟ್ಟವು. ಕಾಲುಗಳು ಊದಿಕೊಂಡವು, ತೀವ್ರವಾದ ತಲೆನೋವು ಬಾಧಿಸಿತು. 1888ರ ಜುಲೈ 20ರಂದು, ನಲವತ್ತೊಂದು ವರ್ಷ ತುಂಬಲು ಐದು ದಿನಗಳಿರುವಾಗ, ಲ್ಯಾಂಗರ್‌ಹ್ಯಾನ್ಸ್ ನಿಧನನಾದನು. ಫುಂಶಾಲ್‌ನ ಬ್ರಿಟಿಷ್ ಸ್ಮಶಾನದಲ್ಲಿ ಅವನನ್ನು ಸಮಾಧಿ ಮಾಡಿದರು. ಗ್ರಂಥಿಯೊಳಗಿನ ದ್ವೀಪಗಳನ್ನು ಕಂಡವನು ಕಡಲ ನಡುವಿನ ದ್ವೀಪದ ಮಣ್ಣಿನಲ್ಲಿ ಸೇರಿಹೋದನು.

ಅವನು ತೀರಿಕೊಂಡ ಮರುವರ್ಷ, 1889ರಲ್ಲಿ, ಸ್ಟ್ರಾಸ್‌ಬುರ್ಗ್‌ನಲ್ಲಿ ಮಿಂಕೋವ್‌ಸ್ಕಿ ಮತ್ತು ಫೋನ್ ಮೇರಿಂಗ್ ಎಂಬವರು ನಾಯಿಯೊಂದರ ಮೇದೋಜೀರಕ ಗ್ರಂಥಿಯನ್ನು ತೆಗೆದುಹಾಕಿದರು. ನಾಯಿಗೆ ತೀವ್ರವಾದ ಸಿಹಿಮೂತ್ರ ರೋಗ ಬಂದಿತು. ಜೀರ್ಣರಸವಲ್ಲದೆ ಬೇರಾವುದೋ ವಸ್ತುವನ್ನೂ ಈ ಗ್ರಂಥಿಯು ದೇಹಕ್ಕೆ ಒದಗಿಸುತ್ತಿರಬೇಕೆಂಬುದು ಇದರಿಂದ ಸ್ಪಷ್ಟವಾಯಿತು. ಅದು ಎಲ್ಲಿಂದ ಬರುತ್ತದೆ? ಫ್ರಾನ್ಸಿನ ಲಾಗೆಸ್ ಎಂಬ ವಿಜ್ಞಾನಿಗೆ ಜರ್ಮನ್ ವಿದ್ಯಾರ್ಥಿಯ ಹಳೆಯ ಪ್ರಬಂಧ ನೆನಪಾಯಿತು. 1893ರಲ್ಲಿ ಅವನು ಆ ಕೋಶಗಳ ಗುಂಪುಗಳೇ ಈ ಒಳರಸದ ಮೂಲವಿರಬೇಕೆಂದು ಸೂಚಿಸಿ, ಅವುಗಳಿಗೆ ಲ್ಯಾಂಗರ್‌ಹ್ಯಾನ್ಸನ ಕಿರುದ್ವೀಪಗಳೆಂದು ಹೆಸರಿಟ್ಟನು. 1921ರಲ್ಲಿ ಕೆನಡಾದ ಟೊರಾಂಟೋ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಆ ರಸವನ್ನು ಬೇರ್ಪಡಿಸಿದರು. ದ್ವೀಪವೆಂಬ ಅರ್ಥದ ಲ್ಯಾಟಿನ್ ಶಬ್ದದಿಂದ ಅದಕ್ಕೆ ಇನ್ಸುಲಿನ್ ಎಂಬ ಹೆಸರು ಬಂದಿತು. 1922ರ ಜನವರಿಯಲ್ಲಿ ಹದಿನಾಲ್ಕು ವರ್ಷದ ಬಾಲಕನೊಬ್ಬನಿಗೆ ಅದನ್ನು ಮೊದಲ ಬಾರಿಗೆ ಚುಚ್ಚಲಾಯಿತು. ಅಂದಿನಿಂದ ಲೆಕ್ಕವಿಲ್ಲದಷ್ಟು ಜನರ ಪ್ರಾಣ ಉಳಿದಿದೆ.

ಚರ್ಮದ ಕವಲುಕೋಶಗಳ ಅರ್ಥ ತಿಳಿಯಲು ಇನ್ನೂ ಹೆಚ್ಚು ಕಾಲ ಹಿಡಿಯಿತು. ಸುಮಾರು ನೂರು ವರ್ಷಗಳ ಕಾಲ ವಿಜ್ಞಾನಿಗಳು ಅವನ್ನು ಕೆಲವೊಮ್ಮೆ ನರಕೋಶವೆಂದೂ ಕೆಲವೊಮ್ಮೆ ಸವೆದುಹೋದ ವರ್ಣಕೋಶವೆಂದೂ ಭಾವಿಸಿದ್ದರು. 1973ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾನಿಲಯದಲ್ಲಿ ರಾಲ್ಫ್ ಸ್ಟೈನ್‌ಮನ್ ಮತ್ತು ಝ್ಯಾನ್ವಿಲ್ ಕೋನ್ ಇಲಿಯ ಗುಲ್ಮದಲ್ಲಿ ಕವಲುಗಳುಳ್ಳ ಹೊಸ ಬಗೆಯ ಕೋಶವೊಂದನ್ನು ಗುರುತಿಸಿದರು. ಅದು ಮರದಂತೆ ಕಾಣುತ್ತಿದ್ದುದರಿಂದ, ಮರವೆಂಬ ಅರ್ಥದ ಗ್ರೀಕ್ ಶಬ್ದದ ಆಧಾರದ ಮೇಲೆ, ಡೆಂಡ್ರಿಟಿಕ್ ಕೋಶವೆಂದು ಕರೆದರು. ದೇಹದ ರಕ್ಷಣೆಯಲ್ಲಿ ಇದಕ್ಕೆ ಬಹು ಮುಖ್ಯವಾದ ಪಾತ್ರವಿದೆಯೆಂಬುದು ಕ್ರಮೇಣ ತಿಳಿದುಬಂದಿತು. ಲ್ಯಾಂಗರ್‌ಹ್ಯಾನ್ಸ್ ಕಂಡಿದ್ದ ಚರ್ಮದ ಕೋಶಗಳೂ ಇದರ ಹತ್ತಿರದ ಬಂಧುಗಳೇ ಎಂಬುದು 1970ರ ಮತ್ತು 1980ರ ದಶಕಗಳಲ್ಲಿ ಸ್ಥಿರಪಟ್ಟಿತು. ಅವು ನರಗಳಲ್ಲ, ಗಡಿಯ ಕಾವಲುಗಾರರು.

ಈ ಕಾವಲುಗಾರರು ಮಾಡುವ ಕೆಲಸವನ್ನು ಹೀಗೆ ವಿವರಿಸಬಹುದು. ಹೊರಗಿನ ರೋಗಾಣುವಿನ ಅಥವಾ ಕೆಟ್ಟುಹೋದ ಕೋಶದ ಚೂರುಗಳನ್ನು ಡೆಂಡ್ರಿಟಿಕ್ ಕೋಶವು ಹಿಡಿದುಕೊಳ್ಳುತ್ತದೆ. ಅವನ್ನು ಹೊತ್ತು ಸಮೀಪದ ದುಗ್ಧಗ್ರಂಥಿಗೆ ಸಾಗುತ್ತದೆ. ಅಲ್ಲಿ ಕಾದಿರುವ ಟಿ ಕೋಶಗಳೆಂಬ ಬಿಳಿ ರಕ್ತಕಣಗಳಿಗೆ ಆ ಚೂರನ್ನು ತೋರಿಸುತ್ತದೆ. ಆ ಗುರುತನ್ನು ಅರಿಯಬಲ್ಲ ಟಿ ಕೋಶವು ಎಚ್ಚೆತ್ತು, ಒಂದು ಹಲವಾಗಿ ಬೆಳೆದು, ರಕ್ತದ ಮೂಲಕ ಹೋಗಿ ಅದೇ ಗುರುತುಳ್ಳ ಶತ್ರುವನ್ನು ಹುಡುಕಿ ಕೊಲ್ಲುತ್ತದೆ. ಗುರುತನ್ನು ತೋರಿಸಿಕೊಡುವವರಿಲ್ಲದಿದ್ದರೆ ಕೊಲ್ಲುವ ಶಕ್ತಿಯಿದ್ದೂ ಟಿ ಕೋಶ ಸುಮ್ಮನಿರಬೇಕಾಗುತ್ತದೆ.

ಲ್ಯಾಂಗರ್‌ಹ್ಯಾನ್ಸನ ಎರಡು ಶೋಧಗಳು ಸಂಧಿಸುವುದು ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನಲ್ಲಿ. ಕಿರುದ್ವೀಪಗಳಿಂದ ಹುಟ್ಟುವ ಗಂತಿಗಳು ವಿರಳ. ಅವುಗಳ ಸ್ವಭಾವವೂ ಬೇರೆ. ಈ ಗ್ರಂಥಿಯ ಕ್ಯಾನ್ಸರುಗಳಲ್ಲಿ ಹತ್ತಕ್ಕೆ ಒಂಬತ್ತರಷ್ಟು ರಸವನ್ನು ತಯಾರಿಸುವ ಮತ್ತು ಸಾಗಿಸುವ ಭಾಗದಿಂದ ಬರುತ್ತವೆ. ಗ್ರಂಥಿಯು ಹೊಟ್ಟೆಯ ಆಳದಲ್ಲಿರುವುದರಿಂದ ಗಂತಿ ಬೆಳೆದರೂ ಬಹುಕಾಲ ಯಾವ ಸೂಚನೆಯೂ ಕಾಣುವುದಿಲ್ಲ. ರೋಗವು ತಿಳಿಯುವ ವೇಳೆಗೆ ಹೆಚ್ಚಿನವರಲ್ಲಿ ಅದು ಬೇರೆ ಅಂಗಗಳಿಗೆ ಹರಡಿರುತ್ತದೆ. ಮನುಷ್ಯನನ್ನು ಬಾಧಿಸುವ ಕ್ಯಾನ್ಸರುಗಳಲ್ಲಿ ಅತ್ಯಂತ ಮಾರಕವಾದವುಗಳ ಸಾಲಿಗೆ ಇದು ಸೇರಿದೆ.

ಈ ಗಂತಿಯ ಮುಂದೆ ದೇಹದ ಕಾವಲುಗಾರರು ಏಕೆ ಸೋಲುತ್ತಾರೆ? ಮೊದಲನೆಯದಾಗಿ, ಗಂತಿಯ ಬಹುಭಾಗ ಕ್ಯಾನ್ಸರ್ ಕೋಶಗಳಿಂದಲ್ಲ, ಅವುಗಳ ಪ್ರೇರಣೆಯಿಂದ ಸುತ್ತಲೂ ಬೆಳೆದ ನಾರಿನಂತಹ ಗಟ್ಟಿ ಅಂಗಾಂಶದಿಂದ ತುಂಬಿರುತ್ತದೆ. ಅದು ಕೋಟೆಯ ಗೋಡೆಯಂತೆ ರಕ್ತನಾಳಗಳನ್ನು ಅದುಮಿ ಔಷಧಕ್ಕೂ ಟಿ ಕೋಶಗಳಿಗೂ ದಾರಿಯನ್ನು ಇಕ್ಕಟ್ಟು ಮಾಡುತ್ತದೆ. ಎರಡನೆಯದಾಗಿ, ಗುರುತು ತೋರಿಸಬೇಕಾದ ಡೆಂಡ್ರಿಟಿಕ್ ಕೋಶಗಳು ಅಲ್ಲಿ ವಿರಳ. ಇರುವ ಕೆಲವೂ ಪೂರ್ಣವಾಗಿ ಬಲಿತಿರುವುದಿಲ್ಲ. ಮೂರನೆಯದಾಗಿ, ಶತ್ರುವನ್ನು ನುಂಗಬೇಕಾದ ಭಕ್ಷಕ ಕೋಶಗಳು ಅಲ್ಲಿಗೆ ಹೇರಳವಾಗಿ ಬಂದರೂ ಗಂತಿಯ ರಾಸಾಯನಿಕ ಸಂದೇಶಗಳಿಗೆ ಒಳಗಾಗಿ ಪಕ್ಷ ಬದಲಾಯಿಸುತ್ತವೆ. ಗಾಯವನ್ನು ಮಾಯಿಸುವ ವೇಳೆಯಲ್ಲಿ ಮಾಡುವಂತೆ ಹೊಸ ರಕ್ತನಾಳಗಳನ್ನು ಬೆಳೆಸುತ್ತವೆ, ಟಿ ಕೋಶಗಳನ್ನು ಸುಮ್ಮನಿರಿಸುತ್ತವೆ. ಅಸ್ಥಿಮಜ್ಜೆಯಿಂದ ಬರುವ ಬಲಿಯದ ಬಿಳಿ ಕಣಗಳೂ, ಅತಿಯಾದ ಹೋರಾಟವನ್ನು ತಡೆಯಲೆಂದೇ ಇರುವ ಮತ್ತೊಂದು ಬಗೆಯ ಟಿ ಕೋಶಗಳೂ ಇವುಗಳಿಗೆ ಜೊತೆಯಾಗುತ್ತವೆ. ಸ್ವಾಭಾವಿಕವಾಗಿ ದೇಹದ ಹಿತಕ್ಕಾಗಿ ಇರುವ ಕೋಶಗಳೇ ಹೀಗೆ ಗಂತಿಯ ಸೇವಕರಾಗುತ್ತವೆ.

ಡೆಂಡ್ರಿಟಿಕ್ ಕೋಶವನ್ನು ಜಗತ್ತಿಗೆ ಪರಿಚಯಿಸಿದ ಸ್ಟೈನ್‌ಮನ್ನನಿಗೆ 2007ರಲ್ಲಿ ಇದೇ ಮೇದೋಜೀರಕದ ಕ್ಯಾನ್ಸರ್ ಬಂದಿತು. ಅವನು ಮಾಮೂಲಿನ ಚಿಕಿತ್ಸೆಯೊಡನೆ, ತನ್ನ ದೇಹದ ಡೆಂಡ್ರಿಟಿಕ್ ಕೋಶಗಳಿಂದಲೇ ಸಿದ್ಧಪಡಿಸಿದ ಲಸಿಕೆಗಳನ್ನೂ ಪ್ರಯೋಗಾರ್ಥವಾಗಿ ತೆಗೆದುಕೊಂಡನು. ನಾಲ್ಕು ವರ್ಷಗಳಿಗೂ ಹೆಚ್ಚು ಕಾಲ ಬದುಕಿ ಸಂಶೋಧನೆಯನ್ನು ಮುಂದುವರಿಸಿ 2011ರ ಸೆಪ್ಟೆಂಬರ್ 30ರಂದು ತೀರಿಕೊಂಡನು. ಮೂರು ದಿನಗಳ ಬಳಿಕ, ಮರಣದ ಸುದ್ದಿಯನ್ನರಿಯದ ನೊಬೆಲ್ ಸಮಿತಿಯು ಅವನಿಗೆ ಪ್ರಶಸ್ತಿಯನ್ನು ಘೋಷಿಸಿತು. ಸತ್ತವರಿಗೆ ಪ್ರಶಸ್ತಿಯಿಲ್ಲವೆಂಬ ನಿಯಮವಿದ್ದರೂ ಆ ತೀರ್ಮಾನವನ್ನು ಹಿಂತೆಗೆಯಲಿಲ್ಲ. ಅವನ ಆಯುಸ್ಸನ್ನು ಹೆಚ್ಚಿಸಿದ್ದು ಲಸಿಕೆಯೇ ಎಂದು ಒಬ್ಬನೇ ರೋಗಿಯ ಅನುಭವದಿಂದ ನಿರ್ಧರಿಸಲಾಗದು. ವಿಜ್ಞಾನಕ್ಕೆ ಹೆಚ್ಚಿನ ಸಾಕ್ಷ್ಯ ಬೇಕು.

ಆ ಸಾಕ್ಷ್ಯವನ್ನು ಕೂಡಿಸುವ ಕೆಲಸ ನಡೆದಿದೆ. ಟಿ ಕೋಶಗಳ ಮೇಲಿನ ಕಡಿವಾಣವನ್ನು ಸಡಿಲಿಸುವ ಚಿಕಿತ್ಸೆಗೆ ದಾರಿ ತೋರಿದ ಅಲಿಸನ್ ಮತ್ತು ಹೊಂಜೋ ಅವರಿಗೆ 2018ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಆ ಚಿಕಿತ್ಸೆ ಕೆಲವು ಬಗೆಯ ಕ್ಯಾನ್ಸರುಗಳಲ್ಲಿ ಅದ್ಭುತವಾದ ಫಲ ಕೊಟ್ಟಿದೆ. ಮೇದೋಜೀರಕದ ಕ್ಯಾನ್ಸರಿನಲ್ಲಿ ಮಾತ್ರ ಕೆಲವೇ ಕೆಲವು ರೋಗಿಗಳನ್ನು ಬಿಟ್ಟರೆ ಹೆಚ್ಚು ಫಲಕಾರಿಯಾಗಿಲ್ಲ. ಕಡಿವಾಣ ಬಿಚ್ಚಿದರೂ ಓಡಬೇಕಾದ ಕುದುರೆಯೇ ಅಂಗಳದಲ್ಲಿ ಇಲ್ಲದಿದ್ದರೆ ಏನು ಪ್ರಯೋಜನ? ಆದರೆ ಈ ರೋಗ ಬಂದೂ ಬಹುಕಾಲ ಬದುಕಿದ ಕೆಲವರ ಗಂತಿಗಳನ್ನು ಪರೀಕ್ಷಿಸಿದಾಗ ಅವುಗಳೊಳಗೆ ಟಿ ಕೋಶಗಳು ಹೆಚ್ಚಾಗಿ ನುಗ್ಗಿದ್ದವೆಂದು 2017ರಲ್ಲಿ ತಿಳಿದುಬಂದಿತು. ಕೋಟೆ ಅಭೇದ್ಯವಲ್ಲವೆಂಬುದಕ್ಕೆ ಇದು ಗುರುತು. 2023ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಗಂತಿಯನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದ 16 ರೋಗಿಗಳಿಗೆ ಅವರವರ ಗಂತಿಯ ಗುರುತುಗಳನ್ನೇ ಆಧರಿಸಿ ತಯಾರಿಸಿದ ಲಸಿಕೆಯನ್ನು ಇತರ ಚಿಕಿತ್ಸೆಗಳೊಡನೆ ನೀಡಲಾಗಿತ್ತು. ಅವರಲ್ಲಿ 8 ಮಂದಿಯಲ್ಲಿ ಆ ಗುರುತುಗಳನ್ನು ಅರಿಯುವ ಟಿ ಕೋಶಗಳು ಎಚ್ಚೆತ್ತವು. ಅಂಥವರಲ್ಲಿ ರೋಗ ಮರುಕಳಿಸುವುದು ತಡವಾಯಿತು. ಲಸಿಕೆಯ ಸಂದೇಶವನ್ನು ಟಿ ಕೋಶಗಳಿಗೆ ಮುಟ್ಟಿಸುವ ದೂತರು ಡೆಂಡ್ರಿಟಿಕ್ ಕೋಶಗಳೇ. ಸಂಖ್ಯೆ ಚಿಕ್ಕದಾದುದರಿಂದ ದೊಡ್ಡ ಪ್ರಯೋಗಗಳಿಂದ ಇದು ದೃಢಪಡಬೇಕಾಗಿದೆ.

ಲ್ಯಾಂಗರ್‌ಹ್ಯಾನ್ಸನಿಗೆ ದೀರ್ಘಾಯುಸ್ಸು ದೊರೆಯಲಿಲ್ಲ, ಪ್ರಶಸ್ತಿಗಳೂ ಬರಲಿಲ್ಲ. ತನ್ನ ಶೋಧಗಳಿಂದ ಒಬ್ಬ ರೋಗಿಯಾದರೂ ಬದುಕಿದ್ದನ್ನು ಅವನು ಕಾಣಲಿಲ್ಲ. ಆದರೆ ಅವನು ಕಣ್ಣಿಟ್ಟು ನೋಡಿದನು, ನೋಡಿದ್ದನ್ನು ಹೆಚ್ಚುಕಡಿಮೆ ಮಾಡದೆ ಬರೆದಿಟ್ಟನು, ಅರಿಯದ್ದನ್ನು ಅರಿತೆನೆಂದು ಹೇಳಲಿಲ್ಲ. ಇಪ್ಪತ್ತೊಂದರ ಹರೆಯದ ವಿದ್ಯಾರ್ಥಿಯ ಆ ಪ್ರಾಮಾಣಿಕತೆಯ ಮೇಲೆ ಮುಂದಿನ ತಲೆಮಾರುಗಳು ಕಟ್ಟಡವನ್ನು ಎಬ್ಬಿಸಿದವು. ಅದರ ಒಂದು ಅಂತಸ್ತು ಇನ್ಸುಲಿನ್. ಇನ್ನೊಂದು ಅಂತಸ್ತು ಇನ್ನೂ ಏಳುತ್ತಿದೆ. ಅದನ್ನು ಪೂರ್ಣಗೊಳಿಸುವವರು ಇಂದು ಯಾವುದೋ ಶಾಲೆಯ ಬೆಂಚಿನ ಮೇಲೆ ಕುಳಿತು ಸೂಕ್ಷ್ಮದರ್ಶಕದಲ್ಲಿ ಮೊದಲ ಬಾರಿಗೆ ಇಣುಕಿ ನೋಡುತ್ತಿರಬಹುದು.